ನಾಲ್ಕನೇ ಜ್ವರ ಎದ್ದ ವಾರವೂ ಅವಳು ಕಾಲೇಜಿಗೆ ಹೋಗಲಿ

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳ ಮೇಯಿಸುತ್ತೇವೆ. ನಾನು ಏಳನೇ ಕ್ಲಾಸು, ನನ್ನ ಹೆಂಡತಿ ಶಾಲೆಗೇ ಹೋದವಳಲ್ಲ. ಮಗಳು ಸರ್ಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ್ದಾಳೆ, 74 ಪರ್ಸೆಂಟ್. ನನ್ನ ಬಾಮೈದ ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿ ಓದಿದವನು, ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಅವನ ಮಗ 93 ತೆಗೆದಿದ್ದಾನೆ. "ಓದು ರಕ್ತದಲ್ಲೇ ಬರಬೇಕು ಭಾವ, ಡಿಗ್ರಿಗೆ ಹಾಕಿದರೂ ಅಷ್ಟಕ್ಕಷ್ಟೇ" ಅನ್ನುತ್ತಾನೆ. ಮಗಳು ಬಿ.ಕಾಂ. ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸುಮ್ನೆ ಮೂರು ವರ್ಷ ಹಾಳಾಗುತ್ತಾ? ಇನ್ನೊಂದು ಮಾತು. ಸಣ್ಣವನು ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಅವನನ್ನಾದರೂ ಟೌನಿನ ಇಂಗ್ಲಿಷ್ ಮೀಡಿಯಂಗೆ ಸೇರಿಸಲಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ರಕ್ತದ ಮಾತು ಮುಗಿಸಿಬಿಡೋಣ. ನಿಮ್ಮ ಹೆಂಡತಿ, ಬಾಮೈದ ಇಬ್ಬರೂ ಒಂದೇ ತಾಯಿಯ ಮಕ್ಕಳು. ಒಬ್ಬರು ಶಾಲೆ ಕಾಣಲಿಲ್ಲ, ಇನ್ನೊಬ್ಬರು ಬೆಂಗಳೂರು ಸೇರಿದರು. ರಕ್ತ ಒಂದೇ ಅಲ್ವಾ? ತಮ್ಮನಿಗೆ ಹಾಸ್ಟೆಲ್ ಸಿಕ್ಕಿತು, ಅಕ್ಕನಿಗೆ ಸಿಗಲಿಲ್ಲ. ಇದನ್ನು ಬಾಮೈದನ ಎದುರಿಗೆ ಹೇಳಬೇಡಿ. ಆದರೆ ಮಗಳಿಗೆ ಖಂಡಿತ ಹೇಳಿ.

ಈಗ ಮಾರ್ಕ್ಸು. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುವ ಲೆಕ್ಕ. ಒಳ್ಳೆಯ ಕಾಲದಲ್ಲಿ, ಒಳ್ಳೆಯ ಹುಳಮನೆಯಲ್ಲಿ, ನೀರಿಗೆ ಕೊರತೆಯಿಲ್ಲದವನು 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪನ್ನು ನಾವು ಒಂದು ಮೊಟ್ಟೆ ಅನ್ನುತ್ತೇವೆ) 70 ಕೆ.ಜಿ. ಗೂಡು ತೆಗೆಯುತ್ತಾನೆ. ಜಡಿಮಳೆಯಲ್ಲಿ ಸೊಪ್ಪೆಲ್ಲ ಒದ್ದೆಯಾಗಿ, ಶೀಟಿನ ಮನೆಯಲ್ಲಿ ಮೇಯಿಸಿದ ಇನ್ನೊಬ್ಬನೂ 70 ಕೆ.ಜಿ.ಯನ್ನೇ ತೆಗೆಯುತ್ತಾನೆ. ತಕ್ಕಡಿಯಲ್ಲಿ ಎರಡೂ ಒಂದೇ. ಮುಂದಿನ ಬೆಳೆಗೆ ಯಾರನ್ನು ನಂಬುತ್ತೀರಿ? ಟ್ಯೂಷನ್ ಇಲ್ಲದೆ, ಹುಳಕ್ಕೆ ಸೊಪ್ಪು ಹಾಕಿಕೊಂಡು ನಿಮ್ಮ ಮಗಳು ತೆಗೆದ 74ನ್ನು ನಾನು ಹಾಗೆಯೇ ನೋಡುತ್ತೇನೆ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಇಂಗ್ಲೆಂಡಿನಲ್ಲಿ ಉನ್ನತ ಶಿಕ್ಷಣಕ್ಕೆ ಅನುದಾನ ಕೊಡುತ್ತಿದ್ದ ಮಂಡಳಿ 2014ರಲ್ಲಿ ಒಂದು ವರದಿ ತಂದಿತು. ಒಂದೇ ಅಂಕ ತೆಗೆದುಕೊಂಡು ವಿಶ್ವವಿದ್ಯಾಲಯ ಸೇರಿದವರಲ್ಲಿ, ದುಬಾರಿ ಖಾಸಗಿ ಶಾಲೆಯಿಂದ ಬಂದವರಿಗಿಂತ ಸರ್ಕಾರಿ ಶಾಲೆಯಿಂದ ಬಂದವರು ಡಿಗ್ರಿಯಲ್ಲಿ ಚೆನ್ನಾಗಿ ಮಾಡಿದ್ದರು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಕಾಲೇಜಿಗೆ ಹೋಗುವವರೇ ಕಡಿಮೆ ಇರುವ ಪ್ರದೇಶದಿಂದ ಬಂದ ಮಕ್ಕಳು, ಅಷ್ಟೇ ಅಂಕ ಇದ್ದರೂ, ಡಿಗ್ರಿಯಲ್ಲಿ ಸ್ವಲ್ಪ ಹಿಂದೆ ಬಿದ್ದಿದ್ದರು. ಅಂದರೆ ಸೀಟು ಸಿಕ್ಕಿದ ಕೂಡಲೇ ಮನೆಯ, ಊರಿನ ಭಾರ ಹೆಗಲಿಂದ ಇಳಿಯುವುದಿಲ್ಲ. ಡಿಗ್ರಿಯ ವರ್ಷಗಳಲ್ಲೂ ಅದು ಜೊತೆಗೇ ಬರುತ್ತದೆ.

ಆ ಭಾರ ಹೇಗಿರುತ್ತದೆ ಅಂತ ನಾನು ಮೈಮೇಲೆ ಹೊತ್ತು ಬಲ್ಲೆ. ನಮ್ಮೂರು ಚಿಂತಾಮಣಿ ಕಡೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಡಿಗ್ರಿಗೆ ಬೆಂಗಳೂರಿಗೆ ಹೋದಾಗ ಎಲ್ಲವೂ ಇಂಗ್ಲಿಷು. ಪಾಠ ಹೇಗೋ ಹಿಡಿದುಕೊಂಡೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನವನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. ಆ ಬೋರ್ಡನ್ನು ನಾವು ದಿನಾ ನಿಂತು ಓದಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನ ರೂಮ್‌ಮೇಟ್ ತಂದೆ ಮೇಷ್ಟ್ರು. ಅವಳಿಗೆ ಮನೆಯಿಂದಲೇ ಕಾಗದ ಬಂತು, "ಸ್ಕಾಲರ್‌ಶಿಪ್ ಕರೆದಿರುತ್ತಾರೆ, ವಿಚಾರಿಸು" ಅಂತ. ನಾನು ಹೋಗುವಷ್ಟರಲ್ಲಿ ಎರಡು ದಿನ ದಾಟಿತ್ತು. ಕೌಂಟರಿನಲ್ಲಿದ್ದವರು ತಲೆ ಎತ್ತಿಯೂ ನೋಡಲಿಲ್ಲ. ಆ ವರ್ಷದ ಮೆಸ್ ಬಿಲ್ಲಿಗೆ ಅಮ್ಮ ಓಲೆ ಅಡ ಇಟ್ಟರು. ನಮ್ಮಿಬ್ಬರ ತಲೆ ಒಂದೇ ಥರ ಓಡುತ್ತಿತ್ತು. ಅವಳ ಮನೆಯಲ್ಲಿ ಹೇಳುವವರಿದ್ದರು, ಅಷ್ಟೇ ವ್ಯತ್ಯಾಸ.

ಪಾಠ ಮಾಡಲು ನಿಂತ ಮೇಲೆ ಕಂಡದ್ದು ಇನ್ನೊಂದು. ಒಂದು ವರ್ಷ ಅಟೆಂಡೆನ್ಸ್ ಲೆಕ್ಕ ಹಾಕುತ್ತಿದ್ದೆ. ಒಬ್ಬ ಹುಡುಗಿಯ ಸಾಲಿನಲ್ಲಿ ಒಂದೂವರೆ ಎರಡು ತಿಂಗಳಿಗೊಮ್ಮೆ ಎಂಟು ದಿನ ಆಬ್ಸೆಂಟ್, ಆಮೇಲೆ ಸರಿಯಾಗಿ ಬಂದಿದ್ದಾಳೆ, ಮತ್ತೆ ಎಂಟು ದಿನ ಇಲ್ಲ. 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಕರೆದು ಕೇಳಿದೆ. ತಲೆ ತಗ್ಗಿಸಿಕೊಂಡು ನಿಂತಳು. ಬೆರಳ ತುದಿಯಲ್ಲಿ ಸೊಪ್ಪಿನ ಕಪ್ಪು ಹಾಗೇ ಇತ್ತು. "ನಾಲ್ಕನೇ ಜ್ವರ ಎದ್ದ ಮೇಲೆ ಮನೆಯಲ್ಲಿ ಆಳು ಸಾಲುವುದಿಲ್ಲ ಮಿಸ್" ಅಂದಳು. ಜ್ವರ ಅಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಕೊನೆಯದು, ಅದರಿಂದ ಎದ್ದ ಹುಳ ಎಷ್ಟು ಮೇಯುತ್ತದೆ ಅಂತ ನಿಮಗೆ ಹೇಳಬೇಕೇ? ಬೆಳಗಿನ ಜಾವ ಒಂದು ಸಲ, ರಾತ್ರಿ ಹತ್ತಕ್ಕೆ ಒಂದು ಸಲ ಸೊಪ್ಪು. ಆಮೇಲೆ ಹಣ್ಣು ಹುಳ ಆರಿಸಿ, ಗೂಡು ಕಟ್ಟಲಿ ಅಂತ ಚಂದ್ರಂಕಿ ತಟ್ಟೆಗೆ ಬಿಡುವುದು. ಆ ವಾರವೇ ಇಂಟರ್ನಲ್ ಟೆಸ್ಟ್ ಬಂದರೆ ಅವಳ ಅಂಕ ಹೋಯಿತು. ಮಾರ್ಕ್ಸ್ ಕಾರ್ಡಿನಲ್ಲಿ ಅದು ದಡ್ಡತನದ ಹಾಗೆ ಕಾಣುತ್ತದೆ. ಅವಳ ಅಪ್ಪನನ್ನು ಕರೆಸಿ ಮಾತಾಡಿದೆ. ಅವರು ಆ ಒಂದು ವಾರಕ್ಕೆ ಅಕ್ಕಪಕ್ಕದ ಮನೆಯವರ ಜೊತೆ ಮುಯ್ಯಾಳು ಮಾಡಿಕೊಂಡರು. ಹುಡುಗಿ ಪಾಸಾದಳು.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಬಿ.ಕಾಂ.ಗೆ ಸೇರಿಸಿ, ಸೇರಿಸಿದ ಮೇಲೆ ಆ ವಾರಗಳನ್ನು ಅವಳಿಗೆ ಬಿಟ್ಟುಕೊಡಿ. ಹತ್ತಿರದ ಸರ್ಕಾರಿ ಪದವಿ ಕಾಲೇಜು ಸಾಕು. ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ನಮ್ಮ ಜಿಲ್ಲೆಯ ಕಾಲೇಜುಗಳು 2017ರಿಂದ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸೂ ಫ್ರೀ. ದುಡ್ಡಿನ ಭಾರ ಮೊದಲಿನಷ್ಟಿಲ್ಲ. ಹೊತ್ತಿನ ಭಾರ ಮಾತ್ರ ಹಾಗೇ ಇದೆ. ಅದನ್ನು ಇಳಿಸುವುದು ನಿಮ್ಮ ಕೈಯಲ್ಲೇ ಇದೆ.

ನಿಮ್ಮಂಥ ಮನೆಯ ಮಕ್ಕಳು ಈಗ ಕಾಲೇಜಿನಲ್ಲಿ ಅಪರೂಪವೂ ಅಲ್ಲ. ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ, 18ರಿಂದ 23ರ ವಯಸ್ಸಿನವರ ಲೆಕ್ಕದಲ್ಲಿ ಕಾಲೇಜು ದಾಖಲಾತಿ ದೇಶದಲ್ಲಿ 100ಕ್ಕೆ 28.4, ನಮ್ಮ ರಾಜ್ಯದಲ್ಲಿ 36.2. ದೇಶದ ಪರಿಶಿಷ್ಟ ಜಾತಿಯವರಲ್ಲಿ 25.9, ಪರಿಶಿಷ್ಟ ಪಂಗಡದವರಲ್ಲಿ 21.2. ಅಂತರ ಇನ್ನೂ ಇದೆ, ನೋಡಿದರೆ ಸಂಕಟವಾಗುತ್ತದೆ.

ಇಂಥ ಮಾತು ಬಂದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮನೆ ಹುಡುಗ, 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಹೈಸ್ಕೂಲು ಸೇರಿದರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. "ಛಲ ಇದ್ದರೆ ಎಲ್ಲ ಆಗುತ್ತೆ" ಅಂತ ಕಥೆ ಮುಗಿಸಿಬಿಡುತ್ತಾರೆ. ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ಬಾ ಅಂತ ಕರೆದ ಮೇಷ್ಟ್ರೊಬ್ಬರಿದ್ದರು. ಉಳಿದುಕೊಳ್ಳಲು ಬಡ ಹುಡುಗರ ಹಾಸ್ಟೆಲ್ ಇತ್ತು. ಎಚ್ಚೆನ್ ಇದನ್ನು ಮರೆತವರೂ ಅಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು, ಇಲ್ಲಿನ ಮಕ್ಕಳು ತಮ್ಮ ಹಾಗೆ ಅಷ್ಟು ದೂರ ನಡೆಯದಿರಲಿ ಅಂತ.

ಸಣ್ಣವನ ವಿಷಯ. ದಯವಿಟ್ಟು ಅವಸರ ಮಾಡಬೇಡಿ. ಮುಂದೆ ಅವನು ಎಂಜಿನಿಯರಿಂಗೋ ಕೃಷಿಯೋ ಅಂತ ಸಿಇಟಿ ಬರೆದರೆ, ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಇದೆ. ಆದರೆ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತೂ ವರ್ಷ, ಮೊದಲನೆಯದಕ್ಕೆ ಹಳ್ಳಿಯಲ್ಲೇ, ಎರಡನೆಯದಕ್ಕೆ ಕನ್ನಡದಲ್ಲೇ ಓದಿರಬೇಕು. ಏಳು ವರ್ಷ ಆಗಿದೆ. ಎಂಟಕ್ಕೆ ಟೌನಿನ ಇಂಗ್ಲಿಷ್ ಶಾಲೆಗೆ ಹಾಕಿದಿರೋ, ಎರಡೂ ಹೋಯಿತು. ಎಷ್ಟೋ ತಂದೆ ತಾಯಿ ಒಳ್ಳೆಯದಾಗಲಿ ಅಂತಲೇ ಹಾಗೆ ಮಾಡಿ, ಸಿಇಟಿ ಅರ್ಜಿ ತುಂಬುವಾಗ ನನ್ನೆದುರು ಕೂತು ಹಣೆ ಒತ್ತಿಕೊಂಡಿದ್ದಾರೆ. ಹತ್ತಿರದ ಹಳ್ಳಿ ಹೈಸ್ಕೂಲಿಗೇ ಕಳಿಸಿ. ಇಂಗ್ಲಿಷಿಗೆ ಅಕ್ಕ ದಿನಾ ಅರ್ಧ ಗಂಟೆ ಕೂರಿಸಿಕೊಳ್ಳಲಿ, ಅವಳಿಗೂ ರೂಢಿಯಾಗುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮೇಷ್ಟ್ರ ಸಹಿ, ಬಿಇಒ ಸಹಿ ಎರಡನ್ನೂ ಹಾಕಿಸಿ ತೆಗೆದಿಡಿ.

ಪ್ರಶ್ನೆ: ಬಾಗೇಪಲ್ಲಿ ಹತ್ತಿರದ ಹುಡುಗ ನಾನು. ಬಿ.ಎಸ್‌ಸಿ. ಮೊದಲ ವರ್ಷ. ಮನೆ ಮಾತು ತೆಲುಗು, ಓದಿದ್ದು ಕನ್ನಡದಲ್ಲಿ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ.

ಉತ್ತರ: ಕನ್ನಡದಲ್ಲೇ ಕೇಳಪ್ಪ. ಕ್ಲಾಸಿನಲ್ಲಿ ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗಿ ಕೇಳು. ನಮ್ಮ ಕಡೆ ಕಾಲೇಜುಗಳಲ್ಲಿ ತೆಲುಗಿನಲ್ಲಿ ಕೇಳಿದರೂ ಉತ್ತರ ಹೇಳುವ ಮೇಷ್ಟ್ರು ಒಬ್ಬರಾದರೂ ಇರುತ್ತಾರೆ. ದಿನಕ್ಕೆ ಐದು ಪದ ಬರೆದಿಟ್ಟುಕೋ, ಪಕ್ಕದಲ್ಲಿ ಕನ್ನಡ ಅರ್ಥ. ನಾನು ಮಾಡಿದ್ದು ಅದನ್ನೇ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ, ಮೊದಲ ಪುಟದಲ್ಲಿ 'ಡ್ಯೂ ಡೇಟ್' ಅಂತ ಬರೆದಿದ್ದೇನೆ. ಹಾಗೇ ಈ ವಾರವೇ ಎಸ್ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ನಿನ್ನ ಸ್ಕಾಲರ್‌ಶಿಪ್ ಅರ್ಜಿ ಏನಾಗಿದೆ ನೋಡು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತಲೂ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಾ.