ಬಳ್ಳಾರಿ ಬಿಸಿಲಲ್ಲಿ ಸಮುದ್ರದ ಟ್ಯಾಂಕ್: ಆವಿಯಾಗುವುದು ನೀರು, ಉಪ್ಪಲ್ಲ

ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್, ಜೋಡಿ ಕ್ಲೌನ್ ಮೀನು, ಎರಡು ಮೂರು ಹವಳ. "ಮೊದಲು ಚಿಕ್ಕದರಲ್ಲಿ ಕೈ ಪಳಗಲಿ, ಯಾವ ಫಿಲ್ಟರ್ ತಗೊಳ್ಳಲಿ?" ಎಂದು ಕೇಳಿದ್ದೀರಿ. ಅಳತೆ ಸಮೇತ ನನ್ನ ಲೆಕ್ಕವೂ ಇದೇ ಆಗಿತ್ತು, ಊರೂ ಇದೇ ಬಳ್ಳಾರಿ. ಆ ಟ್ಯಾಂಕ್ ಏಪ್ರಿಲ್‌ನಲ್ಲಿ ಹತ್ತೇ ದಿನಕ್ಕೆ ಹಾಳಾಯಿತು. ಹಾಳು ಮಾಡಿದ್ದು ಫಿಲ್ಟರ್ ಅಲ್ಲ, ದಿನಾ ಬೆಳಿಗ್ಗೆ ನಾನು ಚೊಂಬಿನಲ್ಲಿ ಸುರಿದ ನೀರು.

ಒಂದಡಿ ಟ್ಯಾಂಕ್ ಅಂದರೆ 28 ಲೀಟರ್. ಕಲ್ಲು, ಮರಳು ಕಳೆದರೆ ಒಳಗಿರುವ ನೀರು 22 ಲೀಟರ್ ಅಷ್ಟೇ. ಹೊರಗೆ 41 ಡಿಗ್ರಿ, ಕೋಣೆಯಲ್ಲಿ 34. ನೀರು 31 ದಾಟಿದಾಗ ಟ್ಯಾಂಕಿನ ಅಂಚಿಗೆ ಸಣ್ಣ ಫ್ಯಾನ್ ಸಿಕ್ಕಿಸಿದೆ. ನೀರು ತಣ್ಣಗಾಯಿತು, ಜೊತೆಗೆ ದಿನಕ್ಕೆ ಮುಕ್ಕಾಲು ಲೀಟರ್ ಇಳಿಯತೊಡಗಿತು. ಇಳಿದಷ್ಟನ್ನು ತುಂಬಬೇಕಲ್ಲ. ಸಮುದ್ರದ ಮೀನಿಗೆ ಸಪ್ಪೆ ನೀರು ಹಾಕಿದರೆ ಸತ್ತುಹೋಗುತ್ತವೆ ಎಂದುಕೊಂಡು, ಉಪ್ಪು ಕಲಸಿಟ್ಟ ಕ್ಯಾನಿನಿಂದಲೇ ಮುಕ್ಕಾಲು ಲೀಟರ್ ಹಾಕುತ್ತಾ ಹೋದೆ.

ಇಲ್ಲೇ ನಿಂತು ಲೆಕ್ಕ ನೋಡಿ, ಏಕೆಂದರೆ ಹೊಸಬರಲ್ಲಿ ಬಹಳ ಜನ ಎಡವುವುದು ಇಲ್ಲೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. 22 ಲೀಟರಿಗೆ 770 ಗ್ರಾಂ. ಫ್ಯಾನ್ ಗಾಳಿಗೆ ಹಾರಿಹೋದದ್ದು ಬರೀ ನೀರು. ಉಪ್ಪು ಒಂದು ಗ್ರಾಮೂ ಹೋಗಲಿಲ್ಲ. ನಾನು ಸುರಿದ ಮುಕ್ಕಾಲು ಲೀಟರಿನಲ್ಲಿ ಮಾತ್ರ ಪ್ರತಿದಿನ 26 ಗ್ರಾಂ ಹೊಸ ಉಪ್ಪು ಒಳಗೆ ಬಂತು. ಹತ್ತು ದಿನಕ್ಕೆ 260 ಗ್ರಾಂ. ನೀರು ಅದೇ 22 ಲೀಟರ್, ಉಪ್ಪು 1030 ಗ್ರಾಂ, ಅಂದರೆ ಲೀಟರಿಗೆ 47. ಕೆಂಪು ಸಮುದ್ರದಷ್ಟು ಉಪ್ಪಾದ ಕಡಲಿನಲ್ಲೂ ಹವಳ ಬದುಕುವುದು 40–41ರ ಆಸುಪಾಸಿನಲ್ಲಿ.

ಮೀಟರ್ ಇರಲಿಲ್ಲವೇ ಅಂದರೆ, ಇತ್ತು. ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ, ಮುಳ್ಳು ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಬಳಸಿದ ಮೇಲೆ ಅದನ್ನು ಒಳ್ಳೆಯ ನೀರಿನಲ್ಲಿ ತೊಳೆಯದಿದ್ದರೆ ಮುಳ್ಳಿಗೆ ಉಪ್ಪಿನ ಹರಳು ಕಟ್ಟುತ್ತದೆ. ಭಾರಕ್ಕೆ ಮುಳ್ಳು ಕೆಳಗೇ ನಿಂತು, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗುಳ್ಳೆ ಅಂಟಿದ್ದರೆ ಅದೇ ಮುಳ್ಳು ಮೇಲೆದ್ದು ಹೆಚ್ಚು ತೋರಿಸುತ್ತದೆ. ನನ್ನದು ಹತ್ತೂ ದಿನ ಸರಿಯಾಗಿ 1.026, ಅಂದರೆ ಲೀಟರಿಗೆ ಸುಮಾರು 35 ಗ್ರಾಂ, ಅನ್ನುತ್ತಿತ್ತು. ಆದರೆ ಟ್ಯಾಂಕ್ ಸುಮ್ಮನಿರಲಿಲ್ಲ. ಗಾಜಿನ ಅಂಚಿಗೆ, ವೈರುಗಳ ಮೇಲೆ ಬಿಳಿ ಹರಳು ದಪ್ಪಗೆ ಕಟ್ಟಿತ್ತು. ಹೂವಿನಂತೆ ಬಿಚ್ಚಿರಬೇಕಾದ, ಹವಳದ ಬಳಗದ ಜೋವಾಂಥಿಡ್‌ಗಳು ಮೂರು ದಿನದಿಂದ ಮೊಗ್ಗಿನಂತೆ ಮುಚ್ಚಿಕೊಂಡಿದ್ದವು. ಟರ್ಬೊ ಬಸವನಹುಳುಗಳು ಗಾಜು ಬಿಟ್ಟು ತಳದ ಮರಳಿನಲ್ಲಿ ಮಗುಚಿ ಬಿದ್ದಿದ್ದವು. ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದೆ.

ಕೊನೆಗೆ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿ ನೋಡಿದಾಗ 47 ಕಂಡಿತು. ಗಾಬರಿಯಲ್ಲಿ ಐದೂವರೆ ಲೀಟರ್ ತೆಗೆದು ಅಷ್ಟೇ ಸಪ್ಪೆ ನೀರು ಸುರಿದು, ಒಂದೇ ಗಂಟೆಯಲ್ಲಿ 35ಕ್ಕೆ ಇಳಿಸಿದೆ. ಉಳಿದಿದ್ದ ಹವಳ, ಬಸವನಹುಳು ಹೋದದ್ದು ಆಗ. ಮೀನಿಗೆ ತನ್ನ ಮೈಯೊಳಗಿನ ಉಪ್ಪನ್ನು ಹಿಡಿತದಲ್ಲಿಟ್ಟುಕೊಳ್ಳುವ ಕಿವಿರು, ಮೂತ್ರಪಿಂಡಗಳಿವೆ. ಹವಳಕ್ಕೆ, ಬಸವನಹುಳುವಿಗೆ ಆ ವ್ಯವಸ್ಥೆ ಇಲ್ಲ. ಹೊರಗೆ ಎಷ್ಟು ಉಪ್ಪೋ ಒಳಗೂ ಅಷ್ಟೇ. ಹೊರಗಿನದು ದಿಢೀರನೆ ಇಳಿದರೆ ಜೀವಕೋಶಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ದಿನಕ್ಕೆ 1ರಿಂದ 2 ಪಿಪಿಟಿಯಂತೆ (ಸಾವಿರ ಭಾಗ ನೀರಿಗೆ ಇಷ್ಟು ಭಾಗ ಉಪ್ಪು) ವಾರವಿಡೀ ಇಳಿಸಬೇಕಿತ್ತು. ಎರಡು ಕ್ಲೌನ್ ಉಳಿದವು, ಉಳಿದದ್ದೆಲ್ಲ ಮರುದಿನಕ್ಕೆ ಬೂದು ಲೋಳೆಯಾಗಿತ್ತು.

ಹಾಗಾಗಿ ಚಿಕ್ಕದರಲ್ಲಿ ಕಲಿಯುವುದು ಸುಲಭ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 22 ಲೀಟರಿನಲ್ಲಿ ಒಂದು ದಿನ ನೀರು ಹಾಕಲು ಮರೆತರೆ ಲವಣಾಂಶ 35ರಿಂದ 36.2ಕ್ಕೆ ಏರುತ್ತದೆ. 100 ಲೀಟರಿನಲ್ಲಿ ಎರಡು ಲೀಟರ್ ಆವಿಯಾದರೂ 35.7 ದಾಟುವುದಿಲ್ಲ. ಬಿಸಿಲು, ಸತ್ತ ಬಸವನಹುಳು, ಜಾಸ್ತಿ ಬಿದ್ದ ಆಹಾರ, ಎಲ್ಲದಕ್ಕೂ ಇದೇ ಲೆಕ್ಕ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 8 ಮಿಲಿಮೀಟರ್ ಗಾಜು: ಇದಕ್ಕಿಂತ ಚಿಕ್ಕದು ಈ ಊರಿಗೆ ಬೇಡ. ತುಂಬಿದರೆ 127 ಲೀಟರ್, ಕಲ್ಲು ಮರಳು ಹೋಗಿ ನೀರು ಸುಮಾರು 100. ಗಾಜೊಂದೇ 25 ಕಿಲೋ, ಒಟ್ಟು ಭಾರ 150 ಕಿಲೋ ಆಸುಪಾಸು ಆಗುತ್ತದೆ. ಟೀಪಾಯಿ, ಷೋಕೇಸ್ ಮೇಲೆ ಇಡಬೇಡಿ. ಚೌಕ ಪೈಪಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಉಪ್ಪಿಗೆ ತುಕ್ಕು ಹಿಡಿಯದಂತೆ ಎಪಾಕ್ಸಿ ಬಣ್ಣ ಹೊಡೆಸಿ, ಗಾಜಿನಡಿಗೆ ಥರ್ಮಾಕೋಲ್ ಹಾಕಿ. ಪಶ್ಚಿಮದ ಗೋಡೆ ಮತ್ತು ತಾರಸಿಗೆ ತಾಗಿದ ಕೋಣೆ ಎರಡನ್ನೂ ಬಿಡಿ.

ನೀರಿನ ವಿಷಯ. ಬೋರ್‌ವೆಲ್ ನೀರು ಯಾವ ಕಾರಣಕ್ಕೂ ಬೇಡ. ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದೂ ನೇರ ಬೇಡ. ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ್ದು ಆರ್‌ಒ ನೀರೇ ಆದರೂ ಕುಡಿಯಲು ರುಚಿ ಇರಲಿ ಎಂದು ಟಿಡಿಎಸ್, ಅಂದರೆ ಕರಗಿದ ಲವಣ, ಸ್ವಲ್ಪ ಉಳಿಸಿರುತ್ತಾರೆ. ಮನೆಯ ಆರ್‌ಒದಲ್ಲೂ ಹಾಗೆಯೇ, ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತದೆ. ಮೆಂಬ್ರೇನ್‌ನಿಂದ ನೇರವಾಗಿ ಬರುವ ಪೈಪಿಗೆ ಟಿ ಜಾಯಿಂಟ್ ಹಾಕಿಸಿ, ಅಲ್ಲಿಂದ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಕಾರ್ಟ್ರಿಜ್ ಮೂಲಕ ಹಾಯಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 5 ದಾಟಿತೆಂದರೆ ರೆಸಿನ್ ಬದಲಿಸಿ. ಈ ನೀರೇ ಉಪ್ಪು ಕಲಸಲಿಕ್ಕೂ, ಆವಿಯಾದದ್ದನ್ನು ತುಂಬಲಿಕ್ಕೂ. ತುಂಬುವಾಗ ಉಪ್ಪಿಲ್ಲದೆ, ಸಪ್ಪೆಯಾಗಿಯೇ. ಗಾಜಿಗೆ ಕಪ್ಪು ಟೇಪಿನ ಗೆರೆ ಅಂಟಿಸಿ ಬೆಳಿಗ್ಗೆ ಸಂಜೆ ಗೆರೆಯವರೆಗೆ ಹಾಕಿ, ಇಲ್ಲವೇ ಫ್ಲೋಟ್ ಇರುವ ಆಟೊ ಟಾಪ್‌ಅಪ್ ಕೂರಿಸಿ. ನನ್ನನ್ನು ಕೇಳಿದರೆ ದುಬಾರಿ ಲೈಟಿಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ.

ಅಡುಗೆಯ ಉಪ್ಪಾಗಲಿ, ಹರಳುಪ್ಪಾಗಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಹವಳಕ್ಕೆ ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಪಿಎಚ್ ಕುಸಿಯದಂತೆ ತಡೆಯುವ ಆಲ್ಕಲಿನಿಟಿ 8–9 ಡಿಕೆಎಚ್ (ಅದನ್ನು ಅಳೆಯುವ ಮಾನ) ಬೇಕು. ರೀಫ್ ಸಾಲ್ಟ್ ಎಂದೇ ಮಾರುವ ಮಿಶ್ರಣ ತನ್ನಿ. 100 ಲೀಟರಿಗೆ ಹೆಚ್ಚುಕಡಿಮೆ 3.8 ಕಿಲೋ ಹಿಡಿಯುತ್ತದೆ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಕಟ್ಟಿ ತಳಕ್ಕೆ ಕೂರುತ್ತದೆ. ಪಂಪ್ ಹಾಕಿ 24 ಗಂಟೆ ತಿರುಗಿಸಿ, ಆಮೇಲೆ ಅಳೆಯಿರಿ. ರಿಫ್ರಾಕ್ಟೋಮೀಟರನ್ನು 35 ಪಿಪಿಟಿಯ ದ್ರಾವಣ ಇಟ್ಟು ಹೊಂದಿಸಿಕೊಳ್ಳಿ. ಬರೀ ನೀರು ಇಟ್ಟು ಸೊನ್ನೆಗೆ ಹೊಂದಿಸಿದರೆ 35ರ ಹತ್ತಿರ ತಪ್ಪು ಬರಬಹುದು.

ಮರಳು ಅರಗೊನೈಟ್ ಎಂಬ ಸುಣ್ಣದ ಜಾತಿಯದ್ದು, ಒಂದು ಇಂಚು ಸಾಕು. ಹೊಳೆ ಮರಳು ಬೇಡ. ಸಂಡೂರು ಕಡೆಯ ಕಲ್ಲು ನೋಡಲು ಎಷ್ಟೇ ಚೆಂದವಿದ್ದರೂ ಬೇಡ, ಅದರಲ್ಲಿರುವ ಕಬ್ಬಿಣ ಪಾಚಿಗೆ ಗೊಬ್ಬರ. ಒಣಗಿದ ರೀಫ್ ರಾಕ್ ಅಥವಾ ಸೆರಾಮಿಕ್ ಕಲ್ಲು 10–12 ಕಿಲೋ ತಗೊಳ್ಳಿ. ಕಲ್ಲನ್ನು ಮೊದಲು ಗಾಜಿನ ಮೇಲೆ ನಿಲ್ಲಿಸಿ ಆಮೇಲೆ ಮರಳು ಹಾಕಿ, ಇಲ್ಲವಾದರೆ ಮರಳು ತೋಡುವ ಮೀನು ಕಲ್ಲನ್ನು ಉರುಳಿಸುತ್ತದೆ.

ನಂತರ ಮೀನಿಲ್ಲದೆ ನಾಲ್ಕರಿಂದ ಆರು ವಾರ. ಈ ಹೊತ್ತಿನಲ್ಲಿ ಕಲ್ಲಿನ ರಂಧ್ರಗಳಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ನೆಲೆಯೂರಬೇಕು. ಒಂದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅದಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಕೊಡಿ. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು, ಆದರೆ ಸಂತೆಯಲ್ಲಿ ಸಿಗುವುದರಲ್ಲಿ ಕಲಬೆರಕೆ ಇರಬಹುದು, ಲ್ಯಾಬ್ ದರ್ಜೆಯದ್ದೇ ತನ್ನಿ. 100 ಲೀಟರಿಗೆ 0.63 ಗ್ರಾಂ ಹಾಕಿದರೆ 2 ಪಿಪಿಎಂ ಅಮೋನಿಯಾ ಬರುತ್ತದೆ. ಇಷ್ಟು ಹಾಕಿದ 24 ಗಂಟೆಯಲ್ಲಿ ಅಮೋನಿಯಾವೂ ನೈಟ್ರೈಟೂ ಎರಡೂ ಸೊನ್ನೆಗೆ ಬಂದವೆಂದರೆ ಟ್ಯಾಂಕ್ ಸಿದ್ಧ. ಆಮೇಲೆ ಕಂದು ಪುಡಿಯಂಥ ಡಯಾಟಮ್, ಅದರ ಹಿಂದೆ ಹಸಿರು ಪಾಚಿ ಬರುತ್ತವೆ. ಹೆದರಿ ಔಷಧಿ ಸುರಿಯಬೇಡಿ, ನಾಲ್ಕೈದು ಬಸವನಹುಳು ಬಿಡಿ.

ಬಿಸಿಗೆ ನಮ್ಮೂರಲ್ಲಿ ಒಂದು ಅನುಕೂಲವಿದೆ, ಗಾಳಿ ಒಣ. ಒಂದು ಲೀಟರ್ ನೀರು ಆವಿಯಾದರೆ 100 ಲೀಟರನ್ನು ಸುಮಾರು 6 ಡಿಗ್ರಿ ತಣಿಸುವಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದಲ್ಲಿ ಫ್ಯಾನ್ ಇಷ್ಟು ಕೆಲಸ ಮಾಡುವುದಿಲ್ಲ. ಫ್ಯಾನಿನಿಂದ ನೀರು ಕೋಣೆಗಿಂತ 3–4 ಡಿಗ್ರಿ ತಣ್ಣಗಿರುತ್ತದೆ, ಕೋಣೆ 34 ಇದ್ದರೆ ನೀರು 30. ನಿಮಗೆ ಬೇಕಾದ್ದು 25–26. ಆದ್ದರಿಂದ ಮಾರ್ಚ್‌ನಿಂದ ಜೂನ್‌ವರೆಗೆ ಎಸಿ ಅಥವಾ ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ಆಗುವುದಿಲ್ಲ. ಚಿಲ್ಲರ್ ಆದರೆ 1/10 ಎಚ್‌ಪಿ ಸಾಕು, ಆದರೆ ಅದು ಹೀರಿದ ಬಿಸಿಯನ್ನು ಅದೇ ಕೋಣೆಗೆ ಉಗುಳುತ್ತದೆ, ಕಿಟಕಿಯ ಹತ್ತಿರ ಇಡಿ. ಇದಕ್ಕೆ ದುಡ್ಡಿಲ್ಲದಿದ್ದರೆ ಸಿಹಿನೀರಿನ ಮೀನು ಸಾಕಿ, ಹವಳಕ್ಕೆ ಕೈ ಹಾಕಬೇಡಿ. ಕರೆಂಟ್ ಹೋದಾಗ ಮೀನು ಸಾಯುವುದು ಬಿಸಿಗಿಂತ ಮೊದಲು ಉಸಿರುಕಟ್ಟಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ನೀರನ್ನು ಕಲಕುವ ಪಂಪ್, ಅಂದರೆ ವೇವ್‌ಮೇಕರ್ ಒಂದನ್ನು ಮನೆಯ ಇನ್ವರ್ಟರ್ ಲೈನಿಗೆ ಹಾಕಿ. ಅದು ಎಳೆಯುವ ಕರೆಂಟ್ ಬಹಳ ಕಡಿಮೆ. ಇನ್ವರ್ಟರ್ ಸೈನ್‌ವೇವ್ ಇರಲಿ, ಸ್ಕ್ವೇರ್‌ವೇವ್‌ನಲ್ಲಿ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಮೀನು ಬೆಂಗಳೂರಿನಿಂದ ರಾತ್ರಿ ಗಾಡಿಯಲ್ಲಿ ಬರುತ್ತದೆ ಅಂದುಕೊಳ್ಳಿ. ಮುಚ್ಚಿದ ಚೀಲದಲ್ಲಿ ಅದರ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಒಳಗಿರುವ ಅಮೋನಿಯಾ ಅಷ್ಟಾಗಿ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಕಿವಿರನ್ನು ಸುಡತೊಡಗುತ್ತದೆ. ದೂರದಿಂದ ಬಂದ ಮೀನಿಗೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಪದ್ಧತಿ ಈ ಕಾರಣಕ್ಕೇ ಬೇಡ. ಚೀಲವನ್ನು ಬಿಚ್ಚದೆ 20 ನಿಮಿಷ ತೇಲಬಿಡಿ. ಅಂಗಡಿಯವರ ಲವಣಾಂಶವನ್ನು ಮೊದಲೇ ಕೇಳಿ, ಹೊಸ ಮೀನನ್ನು ಪ್ರತ್ಯೇಕವಾಗಿಡುವ ಕ್ವಾರಂಟೈನ್ ಟ್ಯಾಂಕನ್ನು ಅಷ್ಟಕ್ಕೇ ತಂದಿಟ್ಟುಕೊಂಡು, ಬಿಚ್ಚಿ ಮೀನನ್ನು ಮಾತ್ರ ಎತ್ತಿ ಬಿಡಿ. ಅಲ್ಲಿ 30 ದಿನ ಇರಲಿ. ಬಿಳಿಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಹಾಕಬೇಕು, ಹವಳದ ಟ್ಯಾಂಕಿಗೆ ತಾಮ್ರ ಬಿತ್ತೆಂದರೆ ಹವಳ, ಬಸವನಹುಳು ಉಳಿಯುವುದಿಲ್ಲ.

ಒಂದು ಜೋಡಿ ಕ್ಲೌನ್, ಗೋಬಿ ಎಂಬ ಚಿಕ್ಕ ಮೀನು ಒಂದು, ಇಷ್ಟಕ್ಕೆ ಈ ಟ್ಯಾಂಕ್ ಮುಗಿಯಿತು. ಕ್ಲೌನ್ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಢಿಸಿದ್ದಾರೆ, ಸಾಕಿದ ಮರಿಯನ್ನೇ ಕೇಳಿ ತಗೊಳ್ಳಿ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ದೊಡ್ಡದು ತಾನೇ ಹೆಣ್ಣಾಗುತ್ತದೆ. ಅವಕ್ಕೆ ಆಸರೆಗೆ ಅನಿಮೋನ್ ಎಂಬ ಹೂವಿನಂಥ ಕಡಲಜೀವಿ ಬೇಕೇಬೇಕು ಅನ್ನುವುದು ಸುಳ್ಳು. ನೀಲಿ ಟ್ಯಾಂಗ್ ಒಂದಡಿ ಬೆಳೆಯುವ ಮೀನು, ಅದನ್ನು ಇಲ್ಲಿ ತುರುಕಬೇಡಿ.

ಹವಳದಲ್ಲಿ ಗಟ್ಟಿ ಜಾತಿಯ ಆಸೆ ಬಿಡಿ. ನಮ್ಮ ಕಡಲಿನ ಎಲ್ಲ ಗಟ್ಟಿ ಹವಳಗಳೂ, ಸೀ ಫ್ಯಾನ್‌ಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ. ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್ (ಜೀವಿಗಳು ನೆಲೆಸಿರುವ ಹವಳದ ಕಲ್ಲು) ಅಗ್ಗಕ್ಕೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ, ಜೈಲಿನ ವಿಷಯ ಅದು. ವಿದೇಶದ ಗಟ್ಟಿ ಹವಳವೂ ಅಳಿವಿನ ಅಪಾಯದ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ, ಕಾಗದಪತ್ರ, ನೋಂದಣಿ ಬೇಕು. ಮೃದು ಜಾತಿಯ ಮಶ್ರೂಮ್, ಜೋವಾಂಥಿಡ್, ಜೀನಿಯಾ ಸಾಕು. ಟ್ಯಾಂಕ್ ಸಿದ್ಧವಾದ ಎರಡು ತಿಂಗಳ ಮೇಲೆ ಹಾಕಿ, ಲೈಟ್ ದಿನಕ್ಕೆ 8 ಗಂಟೆ. ಜೋವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿ. ಅದು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಎಂದಿಗೂ ಕುದಿಸಬೇಡಿ, ಆ ಹಬೆ ಉಸಿರಿಗೆ ಹೋದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಶುರು ಮಾಡುವುದು ಜುಲೈನಲ್ಲಿ. ಆಗ ಹಾಕಿದರೆ ಮುಂದಿನ ಮಾರ್ಚ್ ಬರುವಷ್ಟರಲ್ಲಿ ಕಲ್ಲು, ಮರಳು, ನಿಮ್ಮ ಕೈ ಮೂರೂ ಪಳಗಿರುತ್ತವೆ. ನೀವು ಕೇಳಿದ ಫಿಲ್ಟರಿಗೆ ಬಂದರೆ, ಕಲ್ಲೇ ಫಿಲ್ಟರ್. ಅದರ ಜೊತೆ ಗಂಟೆಗೆ 2000 ಲೀಟರ್ ತಿರುಗಿಸುವ ವೇವ್‌ಮೇಕರ್, ಹಿಂದೆ ನೇತುಹಾಕುವ ಒಂದು ಸಾದಾ ಫಿಲ್ಟರ್‌ನಲ್ಲಿ ಮೂರು ದಿನಕ್ಕೊಮ್ಮೆ ತೊಳೆಯುವ ಸ್ಪಾಂಜ್, ವಾರಕ್ಕೆ 10 ಲೀಟರ್ ಹಳೆ ನೀರು ತೆಗೆದು ಉಪ್ಪು ಕಲಸಿದ ಹೊಸ ನೀರು. ಉಪ್ಪು ನೀರು ಟ್ಯಾಂಕಿಗೆ ಬೀಳುವುದು ವಾರದ ಆ ಒಂದು ದಿನ ಮಾತ್ರ.