ಕಾರ್ಖಾನೆ ತ್ಯಾಜ್ಯದಿಂದ ಕೆಟ್ಟ ಮಣ್ಣನ್ನು ಸ್ಥಳೀಯ ಸಸ್ಯಗಳಿಂದ ಸರಿಪಡಿಸಬಹುದೇ?

ಸರಿಪಡಿಸಬಹುದು, ಆದರೆ ಮಣ್ಣಿಗೆ ಏನು ಸೇರಿದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಪೆಟ್ರೋಲಿಯಂ ತೈಲದಂಥ ಸಾವಯವ ಮಾಲಿನ್ಯವನ್ನು ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳು ಕ್ರಮೇಣ ವಿಘಟಿಸುತ್ತವೆ. ಸೀಸ, ಕ್ಯಾಡ್ಮಿಯಂ ಹಾಗಲ್ಲ. ಲೋಹ ಕೊಳೆಯುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕೆಲವು ಸಸ್ಯಗಳು ಲೋಹವನ್ನು ಹೀರಿ ತಮ್ಮೊಳಗೆ ತುಂಬಿಕೊಳ್ಳುತ್ತವೆ. ನ್ಯೂ ಕ್ಯಾಲೆಡೋನಿಯಾದ ಪಿಕ್ನಾಂಡ್ರ ಅಕ್ಯುಮಿನೇಟ ಎಂಬ ಮರ ಸ್ರವಿಸುವ ನೀಲಿ-ಹಸಿರು ಹಾಲಿನ ಒಣತೂಕದಲ್ಲಿ ಸುಮಾರು ಶೇ. 25ರಷ್ಟು ನಿಕ್ಕಲ್ ಇರುತ್ತದೆ! ಇಂಥ ಗಿಡಗಳನ್ನು ಕಟಾವು ಮಾಡಿ ಸುರಕ್ಷಿತವಾಗಿ ವಿಲೇವಾರಿ ಮಾಡದಿದ್ದರೆ, ಉದುರಿದ ಎಲೆಗಳ ಮೂಲಕ ವಿಷ ಮತ್ತೆ ಮಣ್ಣಿಗೇ ಸೇರುತ್ತದೆ. ಮೇವಿಗಂತೂ ಬಳಸಲೇಬಾರದು.

ವಿಸ್ತಾರವಾದ ಜಾಗವಾದರೆ ನನ್ನ ಒಲವು ಸ್ಥಳೀಯ ಹುಲ್ಲುಗಳತ್ತ. ಅವು ದೂಳು ಹಾರದಂತೆ, ಮಣ್ಣು ಮಳೆಗೆ ಕೊಚ್ಚಿಹೋಗದಂತೆ ತಡೆಯುತ್ತವೆ. ಅಲ್ಲಿನ ಹವೆಗೆ ಒಗ್ಗಿರುವುದರಿಂದ ಆರೈಕೆಯೂ ಕಡಿಮೆ. ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ, ಬೇರು ಇಳಿಯದ ಆಳದ ಮಾಲಿನ್ಯಕ್ಕೆ ಬೇರೆ ವಿಧಾನವೇ ಬೇಕು.