ಲೇಸರ್‌ನಲ್ಲಿ ಕತ್ತರಿಸಿದ ಬ್ರೇಕ್ ಡಿಸ್ಕ್ ಬೈಕಿಗೆ ಹಾಕಿಸಬಹುದೇ?

ಪ್ರಶ್ನೆ: ನನ್ನ ಬೈಕ್ ಹಳೆಯದು. ಮುಂದಿನ ಚಕ್ರದ ಬ್ರೇಕ್ ಡಿಸ್ಕ್ ಸವೆದಿದೆ, ಕಂಪನಿಯ ಡಿಸ್ಕ್ ಈಗ ಸಿಗುತ್ತಿಲ್ಲ. ನಮ್ಮೂರಲ್ಲಿ ಗೇಟು, ಗ್ರಿಲ್‌ಗೆ ಲೇಸರ್ ಕಟಿಂಗ್ ಮಾಡುವವರಿದ್ದಾರೆ. ಹಳೇ ಡಿಸ್ಕ್ ಕೊಟ್ಟರೆ ಸ್ಟೀಲ್ ಶೀಟಿನಲ್ಲಿ ಅದೇ ಥರ ಕತ್ತರಿಸಿಕೊಡುತ್ತೇವೆ ಅನ್ನುತ್ತಾರೆ. ಮಾಡಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಅವರು ಕೊಡುವುದು ಡಿಸ್ಕಿನ ಆಕಾರ ಮಾತ್ರ. ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ ಅದೇ.

ಕಾರ್ಖಾನೆಯಲ್ಲೂ ಬೈಕ್ ಡಿಸ್ಕ್ ಶೀಟಿನಿಂದಲೇ ಶುರುವಾಗುತ್ತದೆ. ಲಕ್ಷಗಟ್ಟಲೆ ಬೇಕಾದಾಗ ಡೈ (ಲೋಹದ ಅಚ್ಚು) ಮಾಡಿಸಿ ಪ್ರೆಸ್‌ನಲ್ಲಿ ಪಂಚ್ ಮಾಡುತ್ತಾರೆ. ಕೆಲವು ನೂರು ಸಾಕು ಅಂದಾಗ ಡೈ ಖರ್ಚು ಗಿಟ್ಟುವುದಿಲ್ಲ. ಆಗ ಲೇಸರ್. 4–5 ಮಿ.ಮೀ. ಸ್ಟೇನ್‌ಲೆಸ್ ಶೀಟ್ ಫೈಬರ್ ಲೇಸರ್‌ಗೆ ಕಷ್ಟವೇ ಅಲ್ಲ. ಕರಗಿದ ಲೋಹವನ್ನು ಊದಿ ಹೊರಹಾಕಲು ನೈಟ್ರೋಜನ್ ಬಿಡುತ್ತಾರೆ. ಆಕ್ಸಿಜನ್ ಬಿಟ್ಟರೆ ಅಂಚು ಸುಟ್ಟು ಕಪ್ಪಾಗುತ್ತದೆ. ದುಂಡು ತುಂಡುಗಳನ್ನು ಚೌಕವಾಗಿ ಜೋಡಿಸಿದರೆ ಶೀಟಿನ ಸುಮಾರು ಶೇ 21ರಷ್ಟು ಸಂದಿಗಳಲ್ಲೇ ವ್ಯರ್ಥ. ಒಂದು ಸಾಲಿನ ಸಂದಿಗೆ ಮುಂದಿನ ಸಾಲು ಕೂರಿಸಿದರೆ ಅದು ಶೇ 9ರ ಹತ್ತಿರಕ್ಕೆ ಇಳಿಯುತ್ತದೆ. ಒಳ್ಳೆಯ ಆಪರೇಟರ್ ಇಂಥ ಕಡೆ ಮಾಲೀಕನ ದುಡ್ಡು ಉಳಿಸುತ್ತಾನೆ.

ನಿಮ್ಮ ವಿಷಯದಲ್ಲಿ ತೊಂದರೆ ಇರುವುದು ಮೊದಲು ಶೀಟಿನಲ್ಲಿ. ಗ್ರಿಲ್ ಮಾಡುವವರ ಬಳಿ ಇರುವ ಸ್ಟೇನ್‌ಲೆಸ್ ಹೆಚ್ಚಾಗಿ 304 ಅನ್ನುವ ಗ್ರೇಡಿನದು. ಸಿಂಕಿಗೆ, ರೇಲಿಂಗಿಗೆ ಬಹಳ ಒಳ್ಳೆಯದು. ಆದರೆ ಅದನ್ನು ಎಷ್ಟೇ ಕಾಯಿಸಿ ತಣಿಸಿದರೂ ಗಟ್ಟಿಯಾಗುವುದಿಲ್ಲ. ಬಿಸಿಯಾದಾಗ ಹಿಗ್ಗುವುದೂ ಜಾಸ್ತಿ. 300 ಮಿ.ಮೀ. ವ್ಯಾಸದ ಡಿಸ್ಕ್ ಇನ್ನೂ 300 ಡಿಗ್ರಿ ಬಿಸಿಯೇರಿತು ಅಂದುಕೊಳ್ಳಿ. 304 ಆದರೆ ಸುಮಾರು ಒಂದೂವರೆ ಮಿ.ಮೀ. ಹಿಗ್ಗುತ್ತದೆ. ಬ್ರೇಕಿಗೆ ಬಳಸುವ 410 ಜಾತಿಯ ಸ್ಟೀಲ್ ಹಿಗ್ಗುವುದು ಒಂದು ಮಿ.ಮೀ. ಆಸುಪಾಸು. ಪ್ಯಾಡ್ ಉಜ್ಜುವ ಹೊರಭಾಗ ಕಾದು ಹಿಗ್ಗುತ್ತದೆ, ಚಕ್ರದ ನಡುಭಾಗಕ್ಕೆ, ಅಂದರೆ ಹಬ್‌ಗೆ, ಬೋಲ್ಟ್ ಹಾಕಿದ ಒಳಭಾಗ ತಣ್ಣಗೇ ಇರುತ್ತದೆ. ಹಿಗ್ಗಲು ಜಾಗವಿಲ್ಲದ ಡಿಸ್ಕ್ ಪಕ್ಕಕ್ಕೆ ಬಾಗುತ್ತದೆ.

ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಅನ್ನುವವರೂ ಇದ್ದಾರೆ. ಸಾಲದು. 410ಕ್ಕೆ ಅಯಸ್ಕಾಂತ ಅಂಟುತ್ತದೆ ನಿಜ, 304ಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ 430 ಅನ್ನುವ ಅಗ್ಗದ ಸ್ಟೀಲಿಗೂ ಅಂಟುತ್ತದೆ, ಅದೂ ಗಟ್ಟಿಯಾಗದ ಜಾತಿ.

ಸರಿಯಾದ ಶೀಟ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಕತ್ತರಿಸಿದ ಮೇಲೆ ಅದನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ ಬೇಗ ತಣಿಸಬೇಕು. ಹಾಗೇ ಬಿಟ್ಟು ತಣಿಸಿದರೆ ಸೊಟ್ಟಗಾಗುತ್ತದೆ. ಅದಕ್ಕೇ ಎರಡು ಸಪಾಟು ಡೈಗಳ ನಡುವೆ ಅದುಮಿ ಹಿಡಿದು ತಣಿಸುತ್ತಾರೆ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ ಸಾಮಾನ್ಯವಾಗಿ 32ರಿಂದ 38ರ ಒಳಗೆ ಬರಬೇಕು. ಕಡಿಮೆಯಾದರೆ ಬೇಗ ಸವೆಯುತ್ತದೆ, ಅತಿಯಾದರೆ ಬಿರುಕು ಬಿಡುವ ಭಯ. ಆಮೇಲೆ ಎರಡೂ ಮುಖಗಳನ್ನು ಗ್ರೈಂಡ್ ಮಾಡಿ ಸಮ ಮಾಡುತ್ತಾರೆ. ಇಷ್ಟೆಲ್ಲ ಆದರೆ ಮಾತ್ರ ಅದು ಬ್ರೇಕ್ ಡಿಸ್ಕ್. ಗ್ರಿಲ್ ಅಂಗಡಿಯಲ್ಲಿ ಇದ್ಯಾವುದೂ ಆಗುವುದಿಲ್ಲ ಅಲ್ವಾ? ಮುಂದಿನ ಬ್ರೇಕ್ ಅಂದರೆ ನಿಮ್ಮ ಜೀವ.

ಬ್ರೇಕ್ ಡಿಸ್ಕನ್ನೇ ಮಾಡುವ ಬೇರೆ ತಯಾರಕರ ಡಿಸ್ಕ್ ಹುಡುಕಿ. ವ್ಯಾಸ, ದಪ್ಪ, ಬೋಲ್ಟ್ ತೂತುಗಳ ಅಂತರ, ನಡುವಿನ ತೂತಿನ ಅಳತೆ, ಡಿಸ್ಕ್ ಒಳಕ್ಕೋ ಹೊರಕ್ಕೋ ಎಷ್ಟು ಸರಿದಿದೆ ಅನ್ನುವುದು, ಎಲ್ಲವೂ ತಾಳೆಯಾಗಬೇಕು. ಯಾರಾದರೂ ಹೊಸದಾಗಿ ಮಾಡಿಕೊಡುತ್ತೇವೆ ಅಂದರೆ ಸ್ಟೀಲಿನ ಗ್ರೇಡ್, ಗಡಸುತನ, ಗ್ರೈಂಡ್ ಆದ ಮೇಲಿನ ದಪ್ಪದ ಅಳತೆ, ಈ ಮೂರನ್ನೂ ಕಾಗದದ ಮೇಲೆ ಕೇಳಿ.

ಪ್ರಶ್ನೆ: ನಮ್ಮ ಊರಿನ ತುಂಬ ಫೌಂಡ್ರಿಗಳು. ಕಾರಿನ ಡಿಸ್ಕ್ ಎರಕ ಹೊಯ್ದು ಮಾಡುತ್ತಾರೆ, ಬೈಕಿನದು ಶೀಟಿನಿಂದ. ಯಾಕೆ ಈ ವ್ಯತ್ಯಾಸ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಕಾರು ಭಾರ, ಹಾಗಾಗಿ ಬ್ರೇಕಿನ ಬಿಸಿಯೂ ಜಾಸ್ತಿ. ಬೂದು ಎರಕದ ಕಬ್ಬಿಣದೊಳಗೆ ಗ್ರಾಫೈಟ್ ಚಕ್ಕೆಗಳು ಹರಡಿರುತ್ತವೆ. ಅವು ಬಿಸಿಯನ್ನು ಬೇಗ ಸಾಗಿಸುತ್ತವೆ, ಕಂಪನವನ್ನೂ ನುಂಗುತ್ತವೆ. ಕಾರಿನ ಮುಂದಿನ ಚಕ್ರದ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮುಖಗಳ ನಡುವೆ ಗಾಳಿಯಾಡುವ ಸಂದಿಗಳಿರುತ್ತವೆ. ಆ ಸಂದಿಗಳನ್ನು ಶೀಟಿನಲ್ಲಿ ಕತ್ತರಿಸಲಾಗದು. ಅಚ್ಚಿನೊಳಗೆ ಸಂದಿಯ ಜಾಗದಲ್ಲಿ ಮರಳಿನ ತಿರುಳು (ಕೋರ್) ಇಟ್ಟು ಎರಕ ಹೊಯ್ಯಲೇಬೇಕು. ಬೈಕಿನ ಡಿಸ್ಕ್ ತೆಳು, ಎಲ್ಲರಿಗೂ ಕಾಣುವಂಥದ್ದು, ಮಳೆಗೆ ತುಕ್ಕು ಹಿಡಿಯಬಾರದು. ಅದಕ್ಕೆ ಸುಮಾರು ಶೇ 12 ಕ್ರೋಮಿಯಂ ಇರುವ ಸ್ಟೀಲ್.

ಎರಕ ಆದ ಮೇಲಿನ ಕೆಲಸ ನೋಡಲು ಎರಡು ಕಣ್ಣು ಸಾಲದು. ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೆತ್ತುವ ಸಿಎನ್‌ಸಿ ಲೇತಿನಲ್ಲಿ ಡಿಸ್ಕಿನ ಎರಡೂ ಮುಖಕ್ಕೆ ಒಂದೊಂದು ಟೂಲ್ ಏಕಕಾಲಕ್ಕೆ ಹೊಂದಿಸುತ್ತಾರೆ. ಎರಡೂ ಕಡೆಯ ಒತ್ತಡ ಒಂದನ್ನೊಂದು ಸರಿದೂಗಿಸುವುದರಿಂದ ಡಿಸ್ಕ್ ಬಾಗುವುದಿಲ್ಲ, ದಪ್ಪ ಎಲ್ಲ ಕಡೆ ಒಂದೇ ಸಮ ಬರುತ್ತದೆ. ಟೂಲಿಗೆ ಸಿಬಿಎನ್ ಇನ್ಸರ್ಟ್ (ಬಹಳ ಗಟ್ಟಿಯಾದ ಬೋರಾನ್ ನೈಟ್ರೈಡ್ ತುದಿ) ಹಾಕಿದರೆ ನಿಮಿಷಕ್ಕೆ 1000 ಮೀಟರ್ ವೇಗದಲ್ಲಿ ಕತ್ತರಿಸಬಹುದು. 280 ಮಿ.ಮೀ. ಡಿಸ್ಕ್ ಆಗ ನಿಮಿಷಕ್ಕೆ 1100ಕ್ಕೂ ಹೆಚ್ಚು ಸುತ್ತು ಸುತ್ತುತ್ತಿರುತ್ತದೆ. ಕೊನೆಗೆ ಬ್ಯಾಲೆನ್ಸ್ ನೋಡಿ, ಭಾರ ಹೆಚ್ಚಿರುವ ಕಡೆ ಅಂಚನ್ನು ಸ್ವಲ್ಪ ಕೆತ್ತಿ ತೆಗೆಯುತ್ತಾರೆ. ಹೊಸ ಡಿಸ್ಕಿನ ಅಂಚಿನಲ್ಲಿ ಇಂಥ ಗುರುತು ಕಂಡರೆ ಗಾಬರಿಯಾಗಬೇಡಿ.

ಪ್ರಶ್ನೆ: ಬ್ರೇಕ್ ಒತ್ತಿದಾಗ ಕಾರಿನ ಪೆಡಲ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ, ಲೇತಿಗೆ ಹಾಕಿಸಿ ಅಂತಾರೆ ಮೆಕ್ಯಾನಿಕ್. ಸರಿಯಾ?
– ಓದುಗರು, ತುಮಕೂರು

ಉತ್ತರ: ಮೊದಲು ಅಳತೆ ಮಾಡಿಸಿ. ಹೆಚ್ಚಿನ ಸಲ ಡಿಸ್ಕ್ ಬೆಂಡ್ ಆಗಿರುವುದಿಲ್ಲ, ಅದರ ದಪ್ಪ ಏರುಪೇರಾಗಿರುತ್ತದೆ. 15–20 ಮೈಕ್ರಾನ್ ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗಬಹುದು. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಅನ್ನುವುದು ನೆನಪಿರಲಿ. ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಕಡೆ ದಪ್ಪ ಅಳೆಯಲು ಹೇಳಿ. ಆಮೇಲೆ ಡಿಸ್ಕಿನ ಮೇಲೇ ಕೆತ್ತಿರುವ ಕನಿಷ್ಠ ದಪ್ಪ ನೋಡಿ. ಅಲ್ಲಿ 20 ಮಿ.ಮೀ. ಅಂತಿದ್ದು, ನಿಮ್ಮದು 20.3ಕ್ಕೆ ಬಂದಿದ್ದರೆ ಲೇತಿಗೆ ಹಾಕಿಸುವುದು ಸುಮ್ನೆ ದಂಡ, ಹೊಸದು ಹಾಕಿಸಿ. ದಪ್ಪ ಸಾಕಷ್ಟಿದ್ದರೆ ಎರಡೂ ಮುಖ ಒಟ್ಟಿಗೆ ಕತ್ತರಿಸುವ ಬ್ರೇಕ್ ಲೇತಿನಲ್ಲೇ ಮಾಡಿಸಿ.

ಯಾವುದನ್ನು ಮಾಡಿಸಿದರೂ ಹಬ್‌ನ ಮುಖದಲ್ಲಿರುವ ತುಕ್ಕನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆಸಿ. ಅಲ್ಲಿ ಒಂದು ತುಣುಕು ತುಕ್ಕು ಉಳಿದರೂ ಡಿಸ್ಕ್ ಓರೆ ಕೂರುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಪ್ಯಾಡ್ ಒಂದೇ ಜಾಗಕ್ಕೆ ತಾಗುತ್ತಾ ಅಲ್ಲೇ ಸವೆಸುತ್ತದೆ, ಕೆಲವು ಸಾವಿರ ಕಿಲೋಮೀಟರಿಗೆ ನಡುಕ ಮತ್ತೆ ಬರುತ್ತದೆ. ಚಕ್ರದ ನಟ್‌ಗಳನ್ನು ಏರ್ ಗನ್ನಿನಲ್ಲಿ ಒಂದೇ ಸಲ ಬಿಗಿಸಲು ಬಿಡಬೇಡಿ. ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಸಿ ಅಂತ ಹೇಳಿ.